ಬುಟ್ಟಿ ಬೇಗ ಖಾಲಿಯಾದ ಬುಧವಾರ

ಹನ್ನೆರಡು ಬಾಟಲಿ ಮುಸುಕಿನ ಜೋಳ ನಮ್ಮ ಮನೆಯಿಂದ ಹೋದದ್ದು ಗುರುವಾರ. ಶುಕ್ರವಾರ ಮಧ್ಯಾಹ್ನದಿಂದ ಮಗನಿಗೆ ಹಾಲು ಕುಡಿಸುವಾಗ, ಬಟ್ಟೆ ಒಣಹಾಕುವಾಗ, ನೀರು ಕಾಯಿಸುವಾಗ ಒಂದೇ ಯೋಚನೆ: ಈಗ ತೆಗೆದರೋ ಏನೋ, ತೆಗೆದು ತಿಂದೇ ಬಿಟ್ಟರೋ ಏನೋ. ಆ ಬಾಟಲಿಗಳನ್ನು ಒಯ್ದವರು ನನ್ನ ಗಂಡನ ಅಕ್ಕ. ತುಂಬಿ ಕೊಟ್ಟವರು ನನ್ನ ಅತ್ತೆ. ತಪ್ಪು ಆಗಿದ್ದರೆ ಅದರಲ್ಲಿ ನನ್ನ ಕೈಯೂ ಇತ್ತು.

ಅದು ಹೇಗೆಂದು ಹೇಳಬೇಕಾದರೆ ಅತ್ತೆಯ ಬಗ್ಗೆಯೇ ಹೇಳಬೇಕು.

ಅತ್ತೆಗೆ ಅರವತ್ತರ ಹತ್ತಿರ ವಯಸ್ಸು. ಮಾವ ತೀರಿಹೋಗಿ ಎಂಟು ವರ್ಷವಾದರೂ ನಾಲ್ಕು ಎಕರೆಯ ಒಂದು ಬದಿಯೂ ಪಾಳು ಬಿದ್ದಿಲ್ಲ. ಹೊಲದ ಕೆಲಸ ಮಗನದು, ಹೊಲದಿಂದ ಬಂದದ್ದನ್ನು ಉಳಿಸುವ ಕೆಲಸ ಅವರದು. ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆಯಿದೆ. ನೆಲದಿಂದ ಸೂರಿನವರೆಗೂ ಹಲಗೆ. ಹಲಗೆಯ ಮೇಲೆ ಗಾಜಿನ ಬಾಟಲಿಗಳು: ಕೆಂಪಗೆ ಟೊಮೇಟೊ, ಹಸಿರು ಬೀನ್ಸ್, ಹಳದಿ ಜೋಳ. ಪ್ರತಿಯೊಂದರ ಮೇಲೂ ನೀಲಿ ಪೆನ್ಸಿಲಿನಲ್ಲಿ ಬರೆದ ಚೀಟಿ. ಮನೆಗೆ ಬಂದವರಿಗೆ ಅತ್ತೆ ಮೊದಲು ತೋರಿಸುವುದು ಮೊಮ್ಮಗನನ್ನಲ್ಲ, ಆ ಕೋಣೆಯನ್ನು.

ಕೊಯ್ಲಿನ ವಾರದಲ್ಲಿ ಅವರು ಮಾತು ಕಡಿಮೆ ಮಾಡುತ್ತಾರೆ. ಬಾಟಲಿ ತೊಳೆದು, ಬಿಸಿನೀರಲ್ಲಿ ಅದ್ದಿ, ಜೋಳದ ಕಾಳು ತುಂಬಿ, ಕುದಿಯುವ ನೀರು ಹೊಯ್ದು, ಮೇಲೆ ಹೆಬ್ಬೆರಳಿನಷ್ಟು ಜಾಗ ಬಿಟ್ಟು, ಬಾಯಿಯನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿ ಮುಚ್ಚಳ ಬಿಗಿಯುತ್ತಾರೆ. ಆಮೇಲೆ ಏಳು ಬಾಟಲಿ ಹಿಡಿಸುವ ದೊಡ್ಡ ಕುಕ್ಕರ್. ಅದರ ಒತ್ತಡ ತೋರಿಸುವ ಮುಳ್ಳು ಗುರುತಿಗೆ ಬಂದ ಮೇಲೆ ಅತ್ತೆ ಅಡುಗೆಮನೆ ಬಿಟ್ಟು ಹೊರಗೆ ಕಾಲಿಡುವುದಿಲ್ಲ. ಮದುವೆಯಾದ ಹೊಸತರಲ್ಲಿ ಆವಿ ನುಗ್ಗಿ ಮೊಣಕೈವರೆಗೆ ಸುಟ್ಟುಕೊಂಡ ಗುರುತು ಈಗಲೂ ಇದೆ. ಅಂದಿನಿಂದ ಒಲೆಯ ಎದುರು ಮಣೆ ಹಾಕಿ, ಮಡಿಲಿಗೊಂದು ಬುಟ್ಟಿ ಎಳೆದುಕೊಂಡು ಕೂರುತ್ತಾರೆ.

ಆ ಬುಟ್ಟಿಯೇ ಅವರ ಗಡಿಯಾರ. ತುಂಬಿದ ಬುಟ್ಟಿಯ ತೆನೆಗಳ ಸಿಪ್ಪೆ ಸುಲಿದು, ನೂಲಿನಂಥ ಕೂದಲು ತೆಗೆದು, ಚಾಕುವಿನಿಂದ ಕಾಳು ಬಿಡಿಸಿ ಮುಗಿಯಿತೆಂದರೆ ಕುಕ್ಕರಿನ ಹೊತ್ತೂ ಮುಗಿಯಿತು. ಅವರ ಅತ್ತೆ ಕಲಿಸಿದ್ದು ಹಾಗೆ. ಗೋಡೆಯ ಮೇಲೆ ಗಡಿಯಾರ ಇರಲಿಲ್ಲವೇ ಎಂದು ಕೇಳಬೇಡಿ, ಇತ್ತು. "ಗಡಿಯಾರ ನೋಡ್ತಾ ಕೂತ್ರೆ ಕೈ ನಿಲ್ಲುತ್ತೆ, ಕೈ ನೋಡ್ತಾ ಕೂತ್ರೆ ಗಡಿಯಾರ ತಾನೇ ಓಡುತ್ತೆ" ಎನ್ನುತ್ತಿದ್ದರು.

ನಾನು ಪಟ್ಟಣದಲ್ಲಿ ಓದಿ ಬೆಳೆದವಳು. ಒಂಬತ್ತು ತಿಂಗಳ ಮಗನ ರಬ್ಬರ್ ಬಾತುಕೋಳಿ ನೆಲಕ್ಕೆ ಬಿದ್ದಾಗಲೆಲ್ಲ ಕುದಿಸುತ್ತೇನೆಂದು ಅತ್ತೆ ನನಗೆ ಡಾಕ್ಟ್ರಮ್ಮ ಎಂದು ಹೆಸರಿಟ್ಟಿದ್ದರು. "ಆ ಬಾತುಕೋಳಿ ಏನು ತಪ್ಪು ಮಾಡ್ತು ಅಂತ ದಿನಾ ಬೇಯಿಸ್ತೀಯಮ್ಮ?"

"ಪುಣ್ಯ ಅಂದ್ಕೋ ಅಮ್ಮ," ಎಂದು ನನ್ನ ಗಂಡ ಸೇರಿಸುತ್ತಿದ್ದರು. "ನನ್ನನ್ನ ಇನ್ನೂ ಹಾಗೇ ಒಳಗೆ ಬಿಡ್ತಿದ್ದಾಳೆ."

ಕಳೆದ ವರ್ಷ ಬಸುರಿಯೆಂದು ನನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಈ ವರ್ಷ ನಾನೇ ಹಟ ಹಿಡಿದೆ. ಸೋಮವಾರ, ಮಂಗಳವಾರ ಟೊಮೇಟೊ. ಹುಳಿ ಇರುವುದಕ್ಕೆ ಕೆಡುವ ಭಯವಿಲ್ಲ, ತೆರೆದ ಹಂಡೆಯಲ್ಲಿ ಕುದಿಸಿದರೆ ಸಾಕು. ಬುಧವಾರ ಜೋಳ. ಮಗನನ್ನು ಬಾಗಿಲ ಬಳಿಯ ತೊಟ್ಟಿಲಲ್ಲಿ ಮಲಗಿಸಿ, ಅತ್ತೆಯ ಎದುರು ಇನ್ನೊಂದು ಮಣೆ ಹಾಕಿಕೊಂಡು ಕೂತೆ. ಮೊದಲ ಬುಟ್ಟಿಗೆ ಎರಡು ಕಡೆ ಬೆರಳು ಕೊಯ್ದುಕೊಂಡೆ. ಎರಡನೆಯದಕ್ಕೆ ಕೈ ಹತ್ತಿತು. ಮೂರನೆಯದಕ್ಕೆ ಅತ್ತೆಯ ಕೈಗೆ ಸರಿಸಮ ಓಡತೊಡಗಿತು.

"ಪರವಾಗಿಲ್ವೇ," ಎಂದರು ಅತ್ತೆ. ಮದುವೆಯಾಗಿ ಮೂರು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು. ನಾನು ಇನ್ನೂ ಜೋರು ಮಾಡಿದೆ.

ಸಂಜೆಗೆ ಆರು ಸಲ ಕುಕ್ಕರ್ ಇಳಿದಿತ್ತು. ತಣಿದ ಬಾಟಲಿಗಳ ಮುಚ್ಚಳವನ್ನು ಅತ್ತೆ ಉಗುರಿನಿಂದ ತಟ್ಟಿದರು. ಎಲ್ಲವೂ ಟಣ್ ಎಂದವು, ಒಂದೂ ಸಡಿಲವಿರಲಿಲ್ಲ. ಮರುದಿನ ಅಕ್ಕ ಕಾರಿನಲ್ಲಿ ಬಂದು ಹನ್ನೆರಡು ಬಾಟಲಿ ಒಯ್ದರು. "ಪುಟ್ಟಿಗೆ ಅಜ್ಜಿ ಜೋಳ ಅಂದ್ರೆ ಪ್ರಾಣ. ಬಿಸಿ ಮಾಡೋಕೂ ಬಿಡಲ್ಲ, ಬಾಟಲಿಯಿಂದ ಬಟ್ಟಲಿಗೆ ಸುರಿದ್ರೆ ಸಾಕು, ಹಾಗೇ ತಿಂತಾಳೆ" ಎಂದು ಮಗಳನ್ನು ನೆನೆದು ನಕ್ಕರು. ನಾನೂ ನಕ್ಕೆ.

ಶುಕ್ರವಾರ ಮಧ್ಯಾಹ್ನ ಅತ್ತೆ ಪಕ್ಕದ ತೋಟದಾಕೆಗೆ ಬೇಲಿಯಾಚೆಯಿಂದ ಹೇಳುತ್ತಿದ್ದರು: "ನಾಲ್ಕರ ಮೇಲೆ ಯಾವತ್ತೂ ಇಳಿಸಿದ್ದಿಲ್ಲ ಕಣೇ, ಈ ಸಲ ಆರು! ಒಂದೇ ದಿನಕ್ಕೆ!"

ನನ್ನ ಕೈಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು. ಒಲೆ ಅದೇ, ಕುಕ್ಕರ್ ಅದೇ. ಆರು ಹೇಗೆ?

ಮಗ ಎಷ್ಟು ಹೊತ್ತಿಗೆ ಕುಡಿದ, ಎಷ್ಟು ಹೊತ್ತು ಮಲಗಿದ ಎಂದು ನಾನೊಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಓಡಿಹೋಗಿ ಬುಧವಾರದ ಪುಟ ತೆರೆದೆ. ಹತ್ತೂಕಾಲಿಗೆ ಮಲಗಿದ್ದ, ಹನ್ನೆರಡೂಕಾಲಿಗೆ ಎದ್ದಿದ್ದ. ಅವನು ಮಲಗಿದ ಮೇಲೆಯೇ ಮೊದಲ ಕುಕ್ಕರ್ ಒಲೆಗೇರಿದ್ದು, ಆ ಎರಡು ಗಂಟೆಯೊಳಗೆ ಎರಡು ಸಲ ಅತ್ತೆ ಒಲೆ ಆರಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು. ಎರಡನೆಯ ಸಲ ಆರಿಸಿದಾಗಲೇ ಅವನು ಎದ್ದದ್ದು. ಕುಕ್ಕರಿನ ಜೊತೆ ಬಂದ ಪುಸ್ತಿಕೆ ಬೀರುವಿನಲ್ಲಿತ್ತು. ಜೋಳಕ್ಕೆ ಐವತ್ತೈದು ನಿಮಿಷ, ಅದೂ ಮುಳ್ಳು ಗುರುತಿಗೆ ಬಂದ ಮೇಲೆ. ಹಾಗೆ ಎರಡು ಸಲ ಆದರೆ ಅದಕ್ಕೇ ಹೆಚ್ಚುಕಡಿಮೆ ಎರಡು ಗಂಟೆ ಸರಿಹೋಗುತ್ತಿತ್ತು. ಕುಕ್ಕರ್ ಕಾದ ಹೊತ್ತು, ತಣಿದ ಹೊತ್ತು, ಹೊಸ ಬಾಟಲಿ ಜೋಡಿಸಿದ ಹೊತ್ತು ಎಲ್ಲಿ ಹೋಯಿತು?

ಬುಟ್ಟಿ ಖಾಲಿ ಮಾಡಿದವರು ಇಬ್ಬರು. ನಾನು ಕೂತದ್ದರಿಂದ ಹೊತ್ತು ಅರ್ಧಕ್ಕೆ ಇಳಿದಿತ್ತು.

ಪುಸ್ತಿಕೆಯ ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಮಾತಿತ್ತು. ಹೊತ್ತು ಸಾಲದಿದ್ದರೆ ಬಾಟಲಿಯೊಳಗೆ ವಿಷ ಹುಟ್ಟಬಹುದು, ಅದಕ್ಕೆ ವಾಸನೆ ಇರಬೇಕೆಂದಿಲ್ಲ, ಬಣ್ಣ ಇರಬೇಕೆಂದಿಲ್ಲ, ಮುಚ್ಚಳ ಬಿಗಿಯಾಗಿಯೇ ಇರಬಹುದು. ಅದನ್ನು ನಾಲ್ಕು ಸಲ ಓದಿದೆ.

ಗಂಡ ಹೊಲದಿಂದ ಬಂದ ಕೂಡಲೇ ಹೇಳಿದೆ. ಅವರು ಕಾಲು ತೊಳೆಯುತ್ತಲೇ ಕೇಳಿಸಿಕೊಂಡರು. "ಮೊನ್ನೆ ಮಗು ಎರಡು ಸಲ ಸೀನಿದ್ದಕ್ಕೆ ಆಸ್ಪತ್ರೆಗೆ ಹೊರಟಿದ್ದೆ. ನಿನ್ನೆ ಹಲ್ಲಿ ಲೊಚಗುಟ್ಟಿದ್ದಕ್ಕೆ ಹೆದರಿದೆ. ಇವತ್ತು ಜೋಳ. ನಾಳೆಗೆ ಏನಿಟ್ಟಿದ್ದೀಯ?"

"ಇದು ಹಾಗಲ್ಲ ರೀ."

"ಪ್ರತಿ ಸಲ ಹೀಗೇ ಹೇಳ್ತೀಯ."

ಅದು ನಿಜವೇ. ಹುಲಿ ಬಂತು ಹುಲಿ ಎಂದು ದಿನವೂ ಕೂಗಿದವಳ ಮಾತು ಯಾರು ನಂಬುತ್ತಾರೆ? ನನಗೇ ನಂಬಿಕೆ ಸಾಲದಾಯಿತು. ಅಕ್ಕನ ನಂಬರ್ ಎರಡು ಸಲ ತೆಗೆದು ಎರಡು ಸಲವೂ ಇಟ್ಟೆ. ಏನೂ ಆಗಿರದಿದ್ದರೆ? ಪರವಾಗಿಲ್ಲ ಎಂದು ಬಾಯಿಬಿಟ್ಟು ಹೇಳಿದ ಅತ್ತೆಯ ಮರ್ಯಾದೆಯನ್ನು ಅವರ ಮಗಳ ಮುಂದೆಯೇ ಕಳೆದ ಹಾಗಾಗುತ್ತಿತ್ತು. ಏನಾದರೂ ಆದರೆ? ಅದನ್ನು ಮುಂದಕ್ಕೆ ಯೋಚಿಸಲು ಆಗಲೇ ಇಲ್ಲ.

ಶನಿವಾರ ಬೀನ್ಸಿನ ಸರದಿ. ಹನ್ನೊಂದರ ಸುಮಾರಿಗೆ ಅತ್ತೆಯ ಫೋನ್ ಬಡಿದುಕೊಂಡಿತು. ಕೈ ಒದ್ದೆಯಿದ್ದುದರಿಂದ ಅವರು ಸ್ಪೀಕರ್ ಹಾಕಿದರು. ಅಕ್ಕನ ದನಿ.

"ಅಮ್ಮಾ, ಇವತ್ತು ಪುಟ್ಟಿ ಜೊತೆಗಾರರು ನಾಲ್ಕು ಜನ ಮನೆಗೆ ಬಂದಿದ್ದಾರೆ. ಎಲ್ಲರಿಗೂ ಅಜ್ಜಿ ಜೋಳ ಕೊಡ್ಬೇಕಂತೆ. ಎರಡು ಬಾಟಲಿ ತೆಗೀತೀನಿ, ಆಯ್ತಾ?"

"ಎರಡ್ಯಾಕೆ, ಮೂರು ತೆಗಿ. ಮತ್ತೆ ಕಳಿಸ್ತೀನಿ," ಎಂದು ಅತ್ತೆ ಫೋನ್ ಇಟ್ಟರು. ಮುಖದಲ್ಲಿ ಸಂತೋಷ ತುಂಬಿತ್ತು.

ನಾನು ಚಾಕು ಕೆಳಗಿಟ್ಟೆ. "ಅತ್ತೆ, ಆ ಜೋಳ ತಿನ್ನಬೇಡಿ ಅಂತ ಹೇಳಿ."

"ಯಾಕೆ?"

ಹೇಳಿದೆ. ಬುಟ್ಟಿ, ಮಗನ ನಿದ್ದೆ, ಪುಸ್ತಿಕೆ, ಎಲ್ಲ ಒಂದೇ ಉಸಿರಿಗೆ. ಅವರು ಬೀನ್ಸಿನ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ.

"ಮೂವತ್ತೊಂದು ವರ್ಷ ಮಾಡಿದ್ದೀನಿ ಡಾಕ್ಟ್ರಮ್ಮ. ಒಬ್ಬರಿಗಾದ್ರೂ ಹೊಟ್ಟೆ ನೋವು ಬಂದಿದ್ಯಾ?"

"ಮೂವತ್ತೊಂದು ವರ್ಷವೂ ನೀವೊಬ್ಬರೇ ಬಿಡಿಸಿದ್ರಿ ಅತ್ತೆ. ಬುಧವಾರ ಇಬ್ಬರಿದ್ವಿ."

ಅವರ ಬೆರಳು ನಿಂತಿತು. ನನ್ನನ್ನು ನೋಡಲಿಲ್ಲ. ಬುಟ್ಟಿಯನ್ನು ನೋಡಿದರು, ಒಲೆಯ ಮೇಲೆ ಸುಯ್ಯೆನ್ನುತ್ತಿದ್ದ ಕುಕ್ಕರನ್ನು ನೋಡಿದರು. ಆಮೇಲೆ ಮಡಿಲು ಕೊಡವಿ ಎದ್ದು, ಕುಕ್ಕರ್ ಒಲೆಯ ಮೇಲಿದ್ದ ಹಾಗೆಯೇ, ಹಿತ್ತಿಲಿಗೆ ಹೊರಟುಹೋದರು. ನಾನು ಈ ಮನೆಗೆ ಬಂದ ಮೇಲೆ ಅವರು ಹಾಗೆ ಎದ್ದುಹೋದದ್ದು ಅದೇ ಮೊದಲು. ಅವರೇ ಫೋನ್ ಮಾಡುತ್ತಾರೆ ಎಂದು ಕಾದೆ. ಫೋನು ಮಣೆಯ ಪಕ್ಕದಲ್ಲೇ ಬಿದ್ದಿತ್ತು.

ಎತ್ತಿಕೊಂಡೆ. ಅವಸರದಲ್ಲಿ ಮೊದಲ ಸಲ ಬೇರೆ ಯಾರಿಗೋ ಹೋಯಿತು. ಎರಡನೆಯ ಸಲ ರಿಂಗಾಯಿತು. ಐದು ರಿಂಗು, ಆರು. ಹಿಂದಿನಿಂದ ಮಕ್ಕಳ ಗಲಾಟೆ ಕೇಳಿಸಿದಾಗಲೇ ತೆಗೆದರೆಂದು ತಿಳಿದದ್ದು.

"ಅಕ್ಕಾ, ಜೋಳ ತೆಗೆದ್ರಾ?"

"ಈಗ ತಾನೇ ಸುರಿದೆ ಮಾರಾಯ್ತಿ. ಒಂದು ಬಟ್ಟಲು ಪುಟ್ಟಿ ಕೈಲಿದೆ, ಮಿಕ್ಕವರು ನನ್ನ ಸೆರಗು ಹಿಡ್ಕೊಂಡಿದ್ದಾರೆ. ಯಾಕೆ?"

"ಕಸ್ಕೊಳ್ಳಿ."

"ಏನು?"

"ಬಟ್ಟಲು ಕಸ್ಕೊಳ್ಳಿ ಅಕ್ಕ, ಮೊದಲು ಕಸ್ಕೊಳ್ಳಿ, ಆಮೇಲೆ ಹೇಳ್ತೀನಿ. ಸರಿಯಾಗಿ ಬೆಂದಿಲ್ಲ ಅದು. ಹನ್ನೆರಡರಲ್ಲಿ ಒಂದನ್ನೂ ಯಾರೂ ಬಾಯಿಗೆ ಇಡಬಾರದು."

"ಅಮ್ಮ ಹೇಳಿದ್ರಾ?"

ಹಿತ್ತಿಲ ಬಾಗಿಲು ತೆರೆದೇ ಇತ್ತು. ನನ್ನ ಮಾತು ಅಲ್ಲಿಗೆ ಕೇಳಿಸುತ್ತದೆಂದು ಗೊತ್ತಿತ್ತು.

"ಇಲ್ಲ. ನಾನೇ ಹೇಳ್ತಿದ್ದೀನಿ."

"ನೋಡು, ಸುಮ್ ಸುಮ್ನೆ ಹೆದರಿಸ್ಬೇಡ..."

"ಹೆದರಿಸ್ತಾನೇ ಇದ್ದೀನಿ ಅಕ್ಕ. ಹೆದರ್ಕೊಳ್ಳಿ. ಇದೊಂದು ಸಲ ನನ್ನ ಮಾತಿಗೆ ಹೆದರ್ಕೊಳ್ಳಿ."

ಆ ಕಡೆ ಫೋನು ಎಲ್ಲೋ ಇಟ್ಟ ಸದ್ದು, ದಡದಡ ಹೆಜ್ಜೆ. "ಕೊಡು ಇಲ್ಲಿ! ತಿಂದ್ಯಾ? ಬಾಯಿ ತೋರ್ಸು, ಆ ಅನ್ನು!" ಎಂದು ಅಕ್ಕ ಕೂಗಿದ್ದು ಕೇಳಿಸಿತು. ಅದರ ಬೆನ್ನಿಗೇ, ಇನ್ನೂ ಒಂದು ಕಾಳೂ ತಿಂದಿಲ್ಲ, ನನ್ನ ಬಟ್ಟಲು ಕೊಡು ಎಂದು ಪುಟ್ಟಿ ನೆಲಕ್ಕೆ ಕಾಲು ಬಡಿದು ಅಳತೊಡಗಿದಳು. ನಾನು ಫೋನನ್ನು ಕಿವಿಗೊತ್ತಿಕೊಂಡು ಆ ಅಳು ಕೇಳುತ್ತ ಮಣೆಯ ಮೇಲೆ ಕೂತೆ.