ಮುಳುಗಿದವರ ಚಪ್ಪಲಿ ಕಾಯುವ ನುನ್ಸಿಯಾ

ಉಸ್ತಿಕಾ ದ್ವೀಪದ ದಕ್ಕೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ನುನ್ಸಿಯಾ ತ್ರಾಂಕಿನಾ ಆಗಲೇ, ಕಡಲಾಳ ನೋಡಲು ಮುಳುಗುವವರಿಗೆಂದು ಗಾಳಿ ತುಂಬಿದ ಸಿಲಿಂಡರುಗಳನ್ನು ಸೊಂಟಕ್ಕೆ ಆನಿಸಿಕೊಂಡು ದೋಣಿಗಿಳಿಸುತ್ತಿದ್ದಾರೆ. ಅರವತ್ತು ದಾಟಿದ ಹೆಂಗಸು. ಒಂದೊಂದರ ಬಾಯಿಗೂ ಕಿವಿಗೊಟ್ಟು, ಸೋರುವ ಸದ್ದಿಲ್ಲವೆಂದು ಖಾತ್ರಿಯಾದ ಮೇಲೇ ಮುಂದಿನದಕ್ಕೆ ಕೈಹಾಕುತ್ತಾರೆ.

ಗಂಡ ಬಲೆ ಬೀಸುತ್ತಿದ್ದ ಕಡಲು ಇದು. ಸಂರಕ್ಷಿತ ಪ್ರದೇಶವೆಂದು ಮೀನುಗಾರಿಕೆ ನಿಲ್ಲಿಸಿದಾಗ ಒಲೆ ತಣ್ಣಗಾಯಿತು. "ಶಾಪ ಹಾಕ್ದೆ. ಬಲೆ ಮಾರಿ ಹೊಲದಲ್ಲಿ ಮಸೂರ ಬೇಳೆ ಬೆಳೆದ್ವಿ. ಆಮೇಲೆ ಈ ಮುಳುಗೋ ಜನ ಬಂದ್ರು," ಎನ್ನುತ್ತಾರೆ. ಗಂಡನಿಲ್ಲದ ಮನೆಯನ್ನು ಈಗ ನಡೆಸುತ್ತಿರುವುದು ಅವನದೇ ದೋಣಿ. ಮೈದುನನ ಮಗ ಕಲೋಜೆರೊ ಜನರನ್ನು ನೀರೊಳಗೆ ಕರೆದೊಯ್ಯುತ್ತಾನೆ. ದೊಡ್ಡಮ್ಮ ಅವರಿಗೆಲ್ಲ ಕಾಫಿ ಮಾಡಿಟ್ಟು ಮೇಲೆ ಕೂತು ಕಾಯುತ್ತಾರೆ.

ಹತ್ತುವವರೆಲ್ಲ ಮೀನಿನ ಹಳೆ ಬುಟ್ಟಿಯಲ್ಲಿ ಚಪ್ಪಲಿ ಬಿಡಬೇಕು. ಮೇಲೆ ಬಂದವರು ತಮ್ಮ ತಮ್ಮದನ್ನು ಮೆಟ್ಟಿಕೊಳ್ಳಬೇಕು. ಬುಟ್ಟಿ ಬರಿದಾಗದೆ ದೋಣಿ ವಾಪಸು ಹೊರಡದು. ಇದು ನುನ್ಸಿಯಾರ ಕಟ್ಟಳೆ.

ಮುಳುಗುವ ಜಾಗದಲ್ಲಿ ಲಂಗರು ಇಳಿಸುವಂತಿಲ್ಲ. ನೀರಡಿಯ ಕಲ್ಲುದಿಬ್ಬಕ್ಕೆ ಹಗ್ಗದಿಂದ ಬಿಗಿದು ತೇಲಿಬಿಟ್ಟ ಪ್ಲಾಸ್ಟಿಕ್ ಬುರುಡೆಗಳಿಗೆ ದೋಣಿ ಕಟ್ಟಿ, ಅವುಗಳ ಹಗ್ಗ ಹಿಡಿದೇ ಇಳಿದು ಹತ್ತುತ್ತಾರೆ. ಇವತ್ತು ಪಕ್ಕದ ಬುರುಡೆಗೆ ಊರಿನ ಇನ್ನೊಬ್ಬ ದೋಣಿಗಾರ ಸಾರೊನ ದೋಣಿ ಕಟ್ಟಿದೆ. ಮುಳುಗಿದವರು ಒಬ್ಬೊಬ್ಬರಾಗಿ ಮೇಲೆ ಬರುತ್ತಾರೆ.

"ಎಲ್ಲ ಬಂದ್ರು ದೊಡ್ಡಮ್ಮ, ಹೊರಡೋಣ," ಎನ್ನುತ್ತಾನೆ ಕಲೋಜೆರೊ.

"ಮತ್ತೆ ಈ ಹಳದಿ ಚಪ್ಪಲಿ ನಿನ್ನ ಹೆಂಡ್ತೀದಾ?"

ಅವನ ಮುಖ ಬಿಳಿಚಿಕೊಳ್ಳುತ್ತದೆ. ತನ್ನನ್ನೂ ಸೇರಿಸಿ ತಲೆ ಎಣಿಸಿದ್ದರಿಂದ ಲೆಕ್ಕ ಸರಿಬಂದಿತ್ತು. ಪಾಲೆರ್ಮೊದ ಶಾಲಾ ಶಿಕ್ಷಕಿ ಲೊರೆದಾನಾ ಇಲ್ಲ. ನುನ್ಸಿಯಾ ದೋಣಿಯಂಚಿಗೆ ಬಾಗಿ ನೀರನ್ನೇ ದಿಟ್ಟಿಸುತ್ತಾರೆ. ಒಂದು ಗುಳ್ಳೆಯೂ ಏಳುತ್ತಿಲ್ಲ. ಕಲೋಜೆರೊ ಮತ್ತೊಂದು ಸಿಲಿಂಡರು ಬೆನ್ನಿಗೇರಿಸುತ್ತಿದ್ದಾನೆ. ಪಟ್ಟಿ ಬಿಗಿಯುವ ಮೊದಲೇ ಒಂದು ಕಾಲನ್ನು ದೋಣಿಯಂಚಿನಾಚೆ ಇಟ್ಟಿದ್ದಾನೆ.

ಅಷ್ಟರಲ್ಲಿ ಸಾರೊನ ಕೂಗು: "ನುನ್ಸಿಯಾ! ನಿಮ್ಮ ಕೋಳಿ ನಮ್ಮ ಗೂಡಲ್ಲಿದೆ ಕಣೇ! ಬ್ರೆಡ್ಡು ತಿಂತಾ ಕೂತಿದೆ!"

ಟವೆಲು ಹೊದ್ದ ಲೊರೆದಾನಾ ಅಲ್ಲಿಂದ ಕೈಬೀಸುತ್ತಾರೆ. ಗುಂಪು ತಪ್ಪಿ, ಪಕ್ಕದ ಹಗ್ಗ ಹಿಡಿದು ಹತ್ತಿಬಿಟ್ಟಿದ್ದಾರೆ.

ನುನ್ಸಿಯಾ ಕುಸಿದು ಕೂರುತ್ತಾರೆ. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ ಮೇಲೆ ಕೂಗುತ್ತಾರೆ: "ಟೀಚರಮ್ಮ, ನಮ್ಮ ಕಾಫಿ ಅಷ್ಟು ಕೆಟ್ಟದಾಗಿತ್ತೇನ್ರೀ?" ಎರಡೂ ದೋಣಿಗಳಲ್ಲಿ ನಗು. ಕಲೋಜೆರೊ ಮಾತ್ರ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾನೆ.

ನುನ್ಸಿಯಾ ಒಮ್ಮೆಯೂ ಕೆಳಗಿಳಿದವರಲ್ಲ. ಆಸೆಯಿಲ್ಲವೇ ಎಂದರೆ, ಲೊರೆದಾನಾ ಈ ದೋಣಿಗೆ ಬಂದು ಹಳದಿ ಚಪ್ಪಲಿ ಮೆಟ್ಟಿದ ಮೇಲೆ, ಹಗ್ಗ ಬಿಚ್ಚುತ್ತಲೇ ಹೇಳುತ್ತಾರೆ: "ಕೆಳಗೆ ಏನೇನಿದೆ ಅಂತ ಬಂದವರು ಹೇಳ್ತಾರೆ, ಕೇಳ್ತೀನಿ. ಹೇಳೋಕೆ ಎಲ್ಲರೂ ಮೇಲೆ ಬರ್ಲಿ. ನನಗಷ್ಟು ಸಾಕು."