ಒಂಟಿ ಮೀನಿನ ಚಾಕು

ಕುಸುಬಿ ಎಣ್ಣೆಯ ಡಬ್ಬಿ ತೆರೆದಾಗ ನನಗೆ ಅಡುಗೆ ನೆನಪಾಗುವುದಿಲ್ಲ, ಕಬ್ಬಿಣ ನೆನಪಾಗುತ್ತದೆ. ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ, ಸಂತೆಯ ದಿನದ ಮಧ್ಯಾಹ್ನ, ನನ್ನ ಅಜ್ಜ, ಮುತ್ಯಾ, ಕಂಬಳಿಯ ಮೇಲೆ ಕೂತು ತನ್ನ ಮಡಚುವ ಚಾಕುಗಳ ಕೀಲಿಗೆ ನವಿಲುಗರಿಯ ಕಡ್ಡಿಯಿಂದ ಆ ಎಣ್ಣೆಯನ್ನು ಬಿಡುತ್ತಿದ್ದ. ಕೋಡಿನ ಹಿಡಿ, ಹಿತ್ತಾಳೆಯ ಹಿಡಿ, ಬಣ್ಣಗೆಟ್ಟ ಎಲುಬಿನ ಹಿಡಿ, ಒಂದೊಂದನ್ನೂ ಅವನು ಕೂಸಿನ ಬೆನ್ನು ಸವರುವಂತೆ ಸವರುತ್ತಿದ್ದ. ಅಲಗು ಒಳಸರಿದು ಟಕ್ಕೆಂದಾಗ ಅವನ ಮುಖದಲ್ಲಿ ಮೂಡುತ್ತಿದ್ದ ಬೆಳಕು ನನ್ನನ್ನು ಕಂಡಾಗ ಮೂಡಿದ್ದು ನನಗೆ ನೆನಪಿಲ್ಲ. ಆ ಚಾಕುಗಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಪಲ್ಯಕ್ಕೆ ಎಣ್ಣೆಯನ್ನು ಹನಿಹನಿ ನೋಡಿ ಹಾಕುತ್ತಿದ್ದ ನಮ್ಮ ಅಜ್ಜಿಗೆ, ಆಯಿಗೆ, ನನಗಿಂತ ಹೆಚ್ಚು. "ನನ್ನ ಮಾರಿ ಒಂದಿನಾದರ ಆ ಗಾಜಿನಾಗ ಹಿಂಗ ನೋಡೀರೇನು?" ಎಂದು ಅವಳು ಒಲೆಯ ಮುಂದಿನಿಂದಲೇ ಕೂಗಿದರೆ, ಮುತ್ಯಾ ತಲೆಯೆತ್ತದೆ, "ಅಷ್ಟು ಧೈರ್ಯ ಇಲ್ಲಬೇ" ಎನ್ನುತ್ತಿದ್ದ.

ಆ ಗಾಜು ಮುತ್ಯಾನ ಭೂತಗನ್ನಡಿ. ಹಳೆಯ ಚಾಕು ಕೂಡಿಸುವ ಗೀಳಿನವರು ನಮ್ಮ ಸೀಮೆಯಲ್ಲಿ ಕೆಲವರಿದ್ದರು. ಜೇವರ್ಗಿ ಕಡೆಯ ಅಂದೋಲಾದಿಂದ ಒಬ್ಬ ಮಾಸ್ತರ, ಅಫಜಲಪುರ ಕಡೆಯ ಕರಜಗಿಯಿಂದ ಬಸಣ್ಣ ಕಾಕಾ ಬಸ್ಸು ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದರು. ಯಾರಿಗೆ ಹೊಸ ಚಾಕು ಸಿಕ್ಕರೂ ಅದು ಯಾರ ಕೈಕೆಲಸ, ಯಾವ ಕಾಲದ್ದು ಎಂದು ಅಲ್ಲಿ ತೀರ್ಮಾನವಾಗಬೇಕಿತ್ತು. ಎರಡು ಕಟ್ಟಳೆಗಳಿದ್ದವು. ಚಾಕುವನ್ನು ಕೈಯಿಂದ ಕೈಗೆ ಕೊಡುವಂತಿಲ್ಲ, ಕೊಟ್ಟರೆ ಸ್ನೇಹ ಹರಿಯುತ್ತದೆ. ನೆಲದ ಮೇಲಿಡಬೇಕು, ಇನ್ನೊಬ್ಬ ಎತ್ತಿಕೊಳ್ಳಬೇಕು. ಮತ್ತೆ, ಗಾಜು ಹಿಡಿದವನ ಮಾತೇ ಕೊನೆಯ ಮಾತು. ಅವರೆಲ್ಲ ಜೀವ ಬಿಡುತ್ತಿದ್ದುದು ಹೈದರಾಬಾದಿನ ಒಬ್ಬ ಕಾರೀಗರನ ಚಾಕುಗಳಿಗೆ. ಅವನು ಅಲಗಿನ ಬುಡದಲ್ಲಿ ಒಂದು ಮೀನು ಒತ್ತುತ್ತಿದ್ದ. ರಜಾಕಾರರ ಗದ್ದಲ ಮುಗಿದ ಮೇಲೆ ಅಂಗಡಿ ಅವನ ಇಬ್ಬರು ಮಕ್ಕಳಿಗೆ ಬಂತು. ಅವರು ಜೋಡಿ ಮೀನು ಒತ್ತಿದರು. ಒಂಟಿ ಮೀನೆಂದರೆ ಗದ್ದಲಕ್ಕೆ ಮುಂಚಿನದು, ಜೋಡಿ ಮೀನೆಂದರೆ ಆಮೇಲಿನದು. ಪಡಸಾಲೆಯ ಶಾಸ್ತ್ರವೆಲ್ಲ ಇದರ ಮೇಲೆ ನಿಂತಿತ್ತು.

ಒಂದು ಸಂತೆಯ ದಿನ ಬಸಣ್ಣ ಕಾಕಾ ಧೋತರದ ಚುಂಗಿನಿಂದ ಒಂದು ಕೋಡಿನ ಹಿಡಿಯ ಚಾಕು ಬಿಚ್ಚಿ ಮುತ್ಯಾನ ಮುಂದೆ ಕಂಬಳಿಯ ಮೇಲಿಟ್ಟ. ಅವನ ತಾಯಿ ತೀರಿ ಹೆಚ್ಚು ದಿನವಾಗಿರಲಿಲ್ಲ.

"ಇದು ನಮ್ಮವ್ವಂದ್ರಿ, ಸಿದ್ರಾಮಣ್ಣ. ಇದರಲೇ ನನ್ನ ಹೊಕ್ಕಳಬಳ್ಳಿ ಕೊಯ್ದಾರಂತ. ಸಾಯೂ ಮುಂದ ಹೇಳಿ ಹೋದ್ಲು. ಎಷ್ಟು ಹಳೇದಂತ ನೋಡಿ ಹೇಳ್ರಿ."

"ಹಂಗಾರ ಹೊಕ್ಕಳಾನೂ ತೋರಿಸೋ ಬಸಣ್ಣ, ಎರಡೂ ಕೂಡಿಸಿ ನೋಡೋಣು!" ಎಂದು ಮಾಸ್ತರ ನಕ್ಕ. ಕಾಕಾನೂ ನಕ್ಕ. ಮುತ್ಯಾ ನಗಲಿಲ್ಲ.

ಪ್ರತಿ ವರ್ಷ ಮಹಾನವಮಿಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಗೆ ಕಾಕಾನ ತಾಯಿ ಆ ಚಾಕುವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳಗಿದ್ದಳು. ಗುರುತು ಸವೆದು ಹೋಗಿತ್ತು. ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮುತ್ಯಾ ಅಲಗನ್ನು ಬಿಸಿಲಿಗೆ ಹಿಡಿದು ಗಾಜಿನಲ್ಲಿ ಬಹಳ ಹೊತ್ತು ನೋಡಿದ. ಅವನ ದವಡೆ ಬಿಗಿಯಿತು.

"ಜೋಡಿ ಮೀನ ಐತಿ, ಗದ್ದಲ ಆದ ಮ್ಯಾಲಿಂದು. ಈ ಚಾಕೂಗಿಂತ ನೀನೇ ದೊಡ್ಡಾಂವ, ಬಸಣ್ಣ."

"ಅಂದ್ರ ನಮ್ಮವ್ವ ಸುಳ್ಳು ಹೇಳಿದ್ಲೇನ್ರಿ?"

"ಅವ್ವಗೋಳು ಹೇಳ್ತಾರಪಾ. ಅವ್ವ ಇದ್ದೋರಿಗಿ ಹೇಳ್ತಾರ."

ಮುತ್ಯಾ ಚಾಕುವನ್ನು ನೆಲದ ಮೇಲಿಟ್ಟ. ಕಾಕಾ ಅದನ್ನು ಎತ್ತಿಕೊಳ್ಳಲಿಲ್ಲ. ಆಯಿ ತಂದಿಟ್ಟ ಚಹಾ ಅಲ್ಲೇ ಆರಿತು. ಅವನು ಕರಜಗಿಯ ಬಸ್ಸು ಹತ್ತಿ ಹೋದವನು ಮತ್ತೆಂದೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಚಾಕು ನಮ್ಮ ಮನೆಯಲ್ಲೇ ಉಳಿಯಿತು. ಮುತ್ಯಾ ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಆದರೆ ಎಣ್ಣೆ ಹಾಕುವುದನ್ನು ಒಂದು ವಾರವೂ ತಪ್ಪಿಸಲಿಲ್ಲ.

ಈಗ ಮುತ್ಯಾ ಇಲ್ಲ, ಆಯಿ ಇಲ್ಲ, ಮಾಸ್ತರನೂ ಇಲ್ಲ. ಪಡಸಾಲೆ ಇದ್ದಲ್ಲಿ ಖಜೂರಿ ಊರಿನ ದಾರಿಯ ಲಾರಿಗಳು ನಿಲ್ಲುತ್ತವೆ, ನೆಲಕ್ಕೆ ಡೀಸೆಲ್ ಇಳಿದಿದೆ. ನೀವೂ ಇಂಥದೊಂದು ಪಡಸಾಲೆಯನ್ನು ಕಳೆದುಕೊಂಡವರಾದರೆ, ಹೋದವರ ಬಗ್ಗೆ ಒಳ್ಳೆಯದನ್ನೇ ನೆನೆಯಬೇಕು ಎನ್ನುತ್ತೀರಿ. ನಾನು ಒಪ್ಪುವುದಿಲ್ಲ. ಮನೆ ಬಿಚ್ಚುವಾಗ ಆ ಚಾಕುವನ್ನೂ ಭೂತಗನ್ನಡಿಯನ್ನೂ ನಾನು ಕೇಳಿ ಪಡೆದೆ. ಗುಲಬರ್ಗಾದ ನನ್ನ ಹಾಸ್ಟೆಲ್ ಕೋಣೆಯ ಕಿಟಕಿಯಲ್ಲಿ ಅಲಗನ್ನು ಬಿಸಿಲಿಗೆ ಹಿಡಿದೆ. ಸವೆದ ಉಕ್ಕಿನಲ್ಲಿ ಒಂದೇ ಒಂದು ಮೀನಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಇದ್ದ ಸುಳಿವೂ ಇರಲಿಲ್ಲ. ಇದನ್ನು ಹೇಳಿದಾಗ, ಮುತ್ಯಾನ ಕಣ್ಣು ಆಗಲೇ ಮಂಜಾಗಿತ್ತೆಂದು ನನ್ನ ಅವ್ವ ಅವನನ್ನು ಬಿಡಿಸಿಕೊಳ್ಳಲು ನೋಡಿದಳು. ಮಂಜಾಗಿರಲಿಲ್ಲ, ಅದೇ ಮಧ್ಯಾಹ್ನ ಮಾಸ್ತರನ ಚಾಕುವಿನ ಇದಕ್ಕಿಂತ ಸಣ್ಣ ಗುರುತನ್ನು ಅವನು ಗಾಜಿಲ್ಲದೆ ಓದಿದ್ದ. ಹೆತ್ತ ಕೂಡಲೇ ತಾಯಿಯನ್ನು ಕಳೆದುಕೊಂಡವನು ನನ್ನ ಮುತ್ಯಾ. ಅವಳದೆಂದು ಹೇಳಿಕೊಳ್ಳಲು ಅವನ ಬಳಿ ಒಂದು ಅರಿವೆಯ ಚೂರೂ ಇರಲಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಅರ್ಥವಾದದ್ದೆಲ್ಲ ಮಾಫಿಯಲ್ಲ. ತನಗಿಲ್ಲದ ತಾಯಿ ಇನ್ನೊಬ್ಬನಿಗೂ ಇರಬಾರದೆಂದು ತೀರ್ಪು ಕೊಡುವ ಹಕ್ಕನ್ನು ಅವನಿಗೆ ಯಾರು ಕೊಟ್ಟರು? ಪಕ್ಕದಲ್ಲೇ ಕೂತಿದ್ದ ಮಾಸ್ತರ "ಇಲ್ಲಿ ತರ್ರಿ, ನಾನೂ ನೋಡ್ತೇನಿ" ಎಂದು ಆ ಗಾಜನ್ನು ಏಕೆ ಕೇಳಲಿಲ್ಲ?

ಉತ್ತರ ಕೇಳಲು ಉಳಿದಿದ್ದವನು ಅನ್ಯಾಯಕ್ಕೊಳಗಾದವನೊಬ್ಬನೇ. ಕರಜಗಿಗೆ ಹೋದೆ. ಕಾಕಾ ಕಬ್ಬಿನ ಹೊಲದ ಬದಿಯ ಮನೆಯೆದುರು ಹೊರಸಿನ ಮೇಲೆ ಕೂತಿದ್ದ. ನಾನು ಯಾರ ಮೊಮ್ಮಗಳೆಂದು ಹೇಳಿ, ಚಾಕುವನ್ನೂ ಗಾಜನ್ನೂ ಅವನ ಕಾಲ ಬಳಿ ನೆಲದ ಮೇಲಿಟ್ಟೆ.

"ಒಂದೇ ಮೀನೈತ್ರಿ ಕಾಕಾ. ನಿಮ್ಮವ್ವ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದಾಂವ ನಮ್ಮ ಮುತ್ಯಾ."

ಅವನು ಗಾಜಿನತ್ತ ನೋಡಲೂ ಇಲ್ಲ. ಅಂಗೈ ಚಾಚಿದ. "ಕೈಯಾಗ ಕೊಡವ್ವಾ."

ನಾನು ಹಿಂಜರಿದೆ.

"ಕೊಡು. ಇನ್ನೇನ್ ಹರಿಯೂದೈತಿ?"

ಕೊಟ್ಟೆ. ಅವನು ಅಲಗು ತೆರೆದು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿದ. "ನಮ್ಮವ್ವನ ಬೂದಿ, ಹುಣಸಿ ವಾಸನಿ ಹೋಗೈತಿ," ಎಂದ. "ಸಿದ್ರಾಮಣ್ಣನ ಎಣ್ಣಿ ವಾಸನಿ ಬರಾಕತ್ತೈತಿ." ಆಮೇಲೆ ಅದನ್ನು ಎದೆಗೊತ್ತಿಕೊಂಡು, ಅಣ್ಣನನ್ನು ಕಳೆದುಕೊಂಡವನ ಹಾಗೆ ಅತ್ತ.

ಆರೋಪ ಹೊತ್ತುಕೊಂಡು ಹೋಗಿದ್ದ ನಾನು ನೆಲದ ಮೇಲಿದ್ದ ಗಾಜನ್ನು ಎತ್ತಿಕೊಂಡೆ. ಚಿಕ್ಕಂದಿನಲ್ಲಿ ಚಾಕುಗಳನ್ನು ಕಂಡು ಹತ್ತುತ್ತಿದ್ದ ಅದೇ ಕಿಚ್ಚು ಎದೆಯಲ್ಲಿ ಮತ್ತೆ ಹತ್ತಿತು. ನನ್ನ ಮುತ್ಯಾನಿಗಾಗಿ ನಾನಿನ್ನೂ ಅತ್ತಿರಲಿಲ್ಲ.