ಹಿಂದಿನ ಸಾಲಿಗೆ ಕೈ ಹಾಕುವ ಬಾಟಲಿ ಮಾವ

ಬೆಳಗಿನ ಬೆಳಕು ಇನ್ನೂ ರಸ್ತೆಗೆ ಸರಿಯಾಗಿ ಇಳಿದಿಲ್ಲ. ಮದ್ಯದಂಗಡಿಯ ಷಟರ್ ಅರ್ಧಕ್ಕಷ್ಟೇ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ ಒದ್ದೆ ನೆಲ, ಫಿನೈಲ್ ವಾಸನೆ, ಏಣಿಯ ಮೇಲೆ ಎರಡು ಬರಿಗಾಲು. ಆ ಕಾಲುಗಳ ಒಡೆಯರು ಮೇಲಿನ ಕಪಾಟಿನೊಳಗೆ ಭುಜದವರೆಗೂ ಮಾಯವಾಗಿದ್ದಾರೆ. ಗಾಜಿಗೆ ಗಾಜು ತಾಗುವ ಸದ್ದು ಕೇಳುತ್ತದೆ, ಆಮೇಲೊಂದು ಜೋರು ಸೀನು.

"ಏನು ಮಾವ, ನಿಧಿ ಸಿಕ್ತಾ?" ನೆಲ ಒರೆಸುತ್ತಿದ್ದ ಹೆಂಗಸು ತಲೆಯೆತ್ತದೆ ಕೇಳುತ್ತಾರೆ.

"ಜಿರಳೆ ಸಿಕ್ತು ಅಕ್ಕಾ. ಕುಡಿದು ಮಲಗಿದೆ, ಎಬ್ಬಿಸ್ಲಾ?"

"ಬೇಡಪ್ಪಾ. ನೀವು ಮೊದಲು ನೆಟ್ಟಗೆ ನಿಂತ್ಕೊಳ್ಳಿ. ಬಿದ್ರೆ ಮತ್ತೆ ನಾನೇ ಒರೆಸ್ಬೇಕು."

ಊರಿನ ಬಾರುಗಳೆಲ್ಲ ಇವರನ್ನು ‘ಬಾಟಲಿ ಮಾವ’ ಎಂದೇ ಕರೆಯುತ್ತವೆ. ಅರವತ್ತರ ಆಸುಪಾಸಿನ ಸಣಕಲು ಮೈ, ಜೇಬಿನಲ್ಲಿ ಒರೆಸಲು ಹಳೆಯ ಬನಿಯನ್ನಿನ ತುಂಡು. ಈ ಅಂಗಡಿಯಲ್ಲಿ ಅವರಿಗೆ ಕೆಲಸವೂ ಇಲ್ಲ, ಸಂಬಳವೂ ಇಲ್ಲ. ಆದರೂ ಕಪಾಟು ತೊಳೆಯುವ ಬೆಳಿಗ್ಗೆ ತಪ್ಪದೆ ಹಾಜರು. ಮುಂದಿನ ಸಾಲಿನ ಬಾಟಲಿಗಳು ಕೆಳಗಿಳಿದು ಹಿಂದಿನ ಸಾಲು ಬೆಳಕು ಕಾಣುವುದು ಆವತ್ತೊಂದೇ ದಿನ. ಒರೆಸಿಕೊಡುವುದು ಮಾವನ ಪಾಲಿನ ಕೆಲಸ. ಅದರ ಬದಲಿಗೆ, ಹಿಂದೇನಿದೆ ಎಂದು ಎಲ್ಲರಿಗಿಂತ ಮೊದಲು ನೋಡುವುದು ಅವರ ಹಕ್ಕು. ಊರಿನ ಯಾವ ಅಂಗಡಿ ಯಾವಾಗ ಕಪಾಟು ತೊಳೆಯುತ್ತದೆ ಎಂಬುದು ಅವರಿಗೆ ಬಾಯಿಪಾಠ.

ಅವರು ಹುಡುಕುವುದು ವಿದೇಶಿ ಲಿಕ್ಯೂರ್‌ಗಳನ್ನು. ಹಣ್ಣು, ಹೂವು, ಬೇರುಗಳ ಸಾರಕ್ಕೆ ಸಕ್ಕರೆ ಬೆರೆಸಿದ ಈ ಮದ್ಯಗಳನ್ನು ಯಾರೂ ಹಾಗೇ ಕುಡಿಯುವುದು ಅಪರೂಪ. ಕಾಕ್‌ಟೇಲ್‌ಗೆ ಒಂದಿಷ್ಟು ಬೀಳುತ್ತದೆ, ಆದರೆ ಅದು ಬೀಳದಿದ್ದರೆ ಆ ಕಾಕ್‌ಟೇಲೇ ಇಲ್ಲ.

"ಒಂದು ಗ್ಲಾಸಿಗೆ ಬೇಕಾಗೋದು ಒಂದೇ ಚಮಚ. ಬಾಟ್ಲಿ ತಂದ್ರೆ ವರ್ಷಗಟ್ಟಲೆ ಕೂರುತ್ತೆ. ಇಂಥ ಸರಕನ್ನ ಹಡಗಲ್ಲಿ ತರಿಸೋ ಪುಣ್ಯಾತ್ಮ ಯಾರು ಹೇಳಿ? ವಿಸ್ಕಿ ಆದ್ರೆ ಬಂದ ಸಂಜೆಗೇ ಖಾಲಿ. ಇದು ದೂರದ ನೆಂಟ ಇದ್ದ ಹಾಗೆ. ಕರೆದೋರೂ ಇಲ್ಲ, ಹೋಗು ಅನ್ನೋ ಹಾಗೂ ಇಲ್ಲ," ಎನ್ನುತ್ತಾರೆ ಮಾವ.

ಈ ನೆಂಟರ ಪರಿಚಯ ಮಾವನಿಗೆ ಆದದ್ದು ವ್ಯಾನ್ ಓಡಿಸುವಾಗ. ಮದ್ಯ ಆಮದು ಮಾಡುವ ಒಬ್ಬರ ಬಳಿ ಅವರು ಚಾಲಕರಾಗಿದ್ದರು. ವಿಸ್ಕಿ ಬೇಕೆಂದ ಅಂಗಡಿಗೆ ಧಣಿ ಒಂದು ಪೆಟ್ಟಿಗೆ ಲಿಕ್ಯೂರನ್ನೂ ತಗುಲಿಹಾಕುತ್ತಿದ್ದರು. ಇಳಿಸಲು ಹೋದ ಮಾವನಿಗೆ ಅಂಗಡಿಯವರಿಂದ ಮಂಗಳಾರತಿ. ಬೈದು ಬೈದು ಬಾಟಲಿಗಳನ್ನು ಕಪಾಟಿನ ಹಿಂದಕ್ಕೆ ತಳ್ಳುತ್ತಿದ್ದರು. ಮುಂದೆ ಧಣಿ ವ್ಯಾಪಾರ ಮುಚ್ಚಿದರು, ವ್ಯಾನ್ ಮಾರಿದರು. ಮಾವ ಖಾಲಿ ಕೂತಿದ್ದಾಗ ಹಳೆಯ ಪರಿಚಯದ ಬಾರಿನವನೊಬ್ಬ ಚೆರ್‍ರಿ ಲಿಕ್ಯೂರ್ ಎಲ್ಲೂ ಸಿಗುತ್ತಿಲ್ಲವೆಂದು ಗೋಳಾಡಿದ.

"ಬೈಸಿಕೊಂಡು ಇಳಿಸಿದ ಪೆಟ್ಟಿಗೆ ಮರೆಯೋಕಾಗುತ್ತಾ? ಎಲ್ಲೆಲ್ಲಿ ಬೈಸಿಕೊಂಡಿದ್ನೋ ಅಲ್ಲಿಗೆಲ್ಲ ವಾಪಸ್ ಹೋದೆ."

ಅಂದಿನಿಂದ ಇದೇ ಕಸುಬು. ಅಂಗಡಿ ಬಾರಿನ ಹೆಸರಿಗೇ ಬಿಲ್ ಬರೆಯುತ್ತದೆ, ಓಡಾಟದ ಕೂಲಿ ಮಾವನದು. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿಗೆ ಗಂಡನ ಈ ಖ್ಯಾತಿಯಲ್ಲಿ ನಂಬಿಕೆಯೇ ಇಲ್ಲ. "ಕೊತ್ತಂಬರಿ ಸೊಪ್ಪು ತನ್ನಿ ಅಂದ್ರೆ ಪುದೀನ ತರೋ ಮನುಷ್ಯ ಇವ್ರು. ಊರಿಗೆಲ್ಲ ಸಿಗದೇ ಇರೋದನ್ನ ಹುಡುಕಿ ಕೊಡ್ತಾರಂತೆ!"

"ಸೊಪ್ಪಿಗೆ ಲೇಬಲ್ ಅಂಟಿಸಿರಲ್ವಲ್ಲೇ," ಎಂದು ಮಾವ ಚಪ್ಪಲಿ ಮೆಟ್ಟುತ್ತಾರೆ.

ಕಸುಬಿನಲ್ಲಿ ಅವರಿಗೊಂದು ನಿಯಮವಿದೆ. ಬೇಕಾದ ಬಾಟಲಿ ಕಂಡರೆ ಅದರ ಧೂಳು ಮಾತ್ರ ಒರೆಸಬಾರದು, ಮುಖವೂ ಅರಳಬಾರದು. "ನನ್ನ ಮುಖ ಅರಳಿದ್ರೆ ಅವರ ಬೆಲೆಯೂ ಅರಳುತ್ತೆ." ಧೂಳು ಸಮೇತ ಎತ್ತಿಕೊಂಡು, ಬೇಸರದ ದನಿಯಲ್ಲಿ "ಇದೂ ಇರಲಿ ಬಿಡಿ" ಅನ್ನಬೇಕು. ಇಷ್ಟು ವರ್ಷ ಕೈಹಿಡಿದ ಈ ನಿಯಮವೇ ಕಳೆದ ತಿಂಗಳು ಅವರ ಕಾಲೆಳೆಯಿತು.

ಮೆಟ್ಟಿಲ ಕೆಳಗೆ, ಹಿಂದೆ ಚಪ್ಪಲಿ ಅಂಗಡಿಯಿದ್ದ ಇಕ್ಕಟ್ಟಿನ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಪುಟ್ಟ ಬಾರ್ ನಡೆಸುತ್ತಾರೆ. ಅಲ್ಲಿಗೆ ಜನ ಬರುವುದು ಒಂದು ತಿಳಿನೇರಳೆ ಕಾಕ್‌ಟೇಲ್‌ಗಾಗಿ. ಜಿನ್, ನಿಂಬೆರಸ, ಚೆರ್‍ರಿ ಲಿಕ್ಯೂರ್, ಅದರ ಮೇಲೆ ವಯೊಲೆಟ್ ಹೂವಿನ ಒಂದು ಚಮಚ ಲಿಕ್ಯೂರ್. ಆ ಹೂವಿನ ಲಿಕ್ಯೂರನ್ನು ಈಗ ಯಾರೂ ತರಿಸುತ್ತಿಲ್ಲ. ಬಾರಿನಲ್ಲಿದ್ದ ಬಾಟಲಿ ತಳ ಕಂಡಿತ್ತು. ಬಣ್ಣದ ಸಿರಪ್ ಮಾರುವವನೊಬ್ಬ ಬಂದು, ನೇರಳೆ ಸಿರಪ್ ತಾನು ಕೊಡುತ್ತೇನೆ, ಆದರೆ ಉಳಿದ ಸಾಮಾನೂ ತನ್ನಿಂದಲೇ ಕೊಳ್ಳಬೇಕು ಎಂದಿದ್ದ. ಒಡತಿ ಒಪ್ಪಿದರೆ ಮಾವನಿಗೆ ಆ ಬಾಗಿಲು ಮುಚ್ಚಿದಂತೆ. ಒಂದು ಬಾಗಿಲು ಮುಚ್ಚಿದ್ದು ಕಂಡರೆ ಮಿಕ್ಕ ಬಾರಿನವರೂ ಅದೇ ದಾರಿ ಹಿಡಿಯುತ್ತಾರೆ ಎಂಬುದು ಅವರ ಹೆದರಿಕೆ.

ಊರ ಆ ತುದಿಯ ಅಂಗಡಿಯೊಂದರ ಕಿಟಕಿ ಪಕ್ಕದಲ್ಲಿ ಆ ಹೂವಿನ ಲಿಕ್ಯೂರಿನದೇ ಒಂದು ಬಾಟಲಿ ಕಂಡಿತು. ಮಾವ ನಿಯಮ ಮುರಿಯಲಿಲ್ಲ. ಒರೆಸದೆ, ಬೆಳಕಿಗೆ ಹಿಡಿಯದೆ ತಂದು ಕೊಟ್ಟರು. ಒಡತಿ ಒರೆಸಿ ಗ್ಲಾಸಿಗೆ ಬಗ್ಗಿಸಿದರೆ ಕಂದು ಬಣ್ಣ. ವರ್ಷಗಟ್ಟಲೆ ಬಿಸಿಲು ಬಿದ್ದು ನೇರಳೆ ಬಣ್ಣ ಹಾರಿಹೋಗಿತ್ತು.

"‘ಮಾವ, ಚಹಾ ತಂದಿದ್ದೀರಲ್ಲ, ಬಿಸ್ಕತ್ ಎಲ್ಲಿ?’ ಅಂತ ನಕ್ಕಳು. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು."

ಪಾನೀಯಗಳ ಹೊಸ ಪಟ್ಟಿ ಅಚ್ಚಿಗೆ ಹೋಗುವವರೆಗೆ ಕಾಯುತ್ತೇನೆ ಎಂದಿದ್ದರು ಒಡತಿ. ಅದು ಅಚ್ಚಿಗೆ ಹೋಗುವುದು ಇವತ್ತು ಸಂಜೆ. ಇವತ್ತು ತೊಳೆಯುವ ಅಂಗಡಿ ಇದೊಂದೇ.

ಏಣಿಯ ಮೇಲಿನ ಕೈ ಈಗ ನಿಧಾನವಾಗಿ ಹೊರಬರುತ್ತದೆ. ಕೈಯಲ್ಲಿ ಕತ್ತು ಉದ್ದದ ಬಾಟಲಿ, ಮೈತುಂಬ ಬೂದಿಯಂಥ ಧೂಳು. ಮಾವ ಒಂದು ಗಳಿಗೆ ಅದನ್ನೇ ನೋಡುತ್ತಾರೆ. ಆಮೇಲೆ ಜೇಬಿನಿಂದ ಬನಿಯನ್ ತುಂಡು ತೆಗೆದು ಒರೆಸಿಯೇಬಿಡುತ್ತಾರೆ. ಇಳಿದು ಬಂದು, ಷಟರಿನಡಿ ತೂರಿದ ಎಳೆಬಿಸಿಲಿಗೆ ಕುಕ್ಕರಗಾಲಿನಲ್ಲಿ ಕೂತು ಬಾಟಲಿ ಹಿಡಿಯುತ್ತಾರೆ. ಒದ್ದೆ ನೆಲದ ಮೇಲೆ ನೇರಳೆ ಬಣ್ಣದ ಒಂದು ತುಂಡು ಬೆಳಕು ಅಲ್ಲಾಡುತ್ತದೆ.

"ಅಯ್ಯೋ, ಚೆನ್ನಾಗಿದೆಯಲ್ಲ!" ನೆಲ ಒರೆಸುವವರು ಕೋಲು ಹಿಡಿದೇ ನಿಲ್ಲುತ್ತಾರೆ.

ಗಲ್ಲಾದಲ್ಲಿ ಕೂತ ಸಾಹುಕಾರರೂ ನೋಡುತ್ತಿದ್ದಾರೆ. ಬಾಟಲಿಯನ್ನಲ್ಲ, ಮಾವನ ಮುಖವನ್ನು.

"ಮಾವ, ಕನ್ನಡಿ ಬೇಕಾ? ಮದುಮಗನ ಕಳೆ ಬಂದಿದೆ."

"ಹಂಗೇನಿಲ್ಲ ಸಾಹುಕಾರ್ರೇ. ಹಳೇ ಮಾಲು. ಇದೂ ಇರಲಿ ಅಂತ..."

"ಇರಲಿ, ಇರಲಿ. ಅದರ ಜೊತೆ ಆ ಬಾಳೆಹಣ್ಣಿನ ಲಿಕ್ಯೂರ್ ಮೂರೂ ಎತ್ಕೊಂಡು ಹೋಗಿ."

"ಬಾಳೆಹಣ್ಣಿಂದು ಯಾರು ಕುಡೀತಾರೆ ಸ್ವಾಮಿ?"

"ಅದು ಇನ್ಮೇಲೆ ನಿಮ್ಮ ತಲೆನೋವು. ಇಷ್ಟು ವರ್ಷ ನಂದಾಗಿತ್ತು. ತಂದು ಇಳಿಸಿದ್ದು ಯಾರು, ನೀವೇ ಅಲ್ವಾ?"

ಮಾವ ಚೀಲ ಬಿಡಿಸುತ್ತಾರೆ. ಒಂದು ಬಾಟಲಿಯನ್ನು ಮಗುವಿನಂತೆ ಎದೆಗಾನಿಸಿಕೊಂಡು, ಮೂರನ್ನು ಚೀಲದಲ್ಲಿ ನೇತುಹಾಕಿಕೊಂಡು ಹೊರಡುತ್ತಾರೆ.

ಮಧ್ಯಾಹ್ನದ ಬಾರಿನಲ್ಲಿ ಕುರ್ಚಿಗಳು ಇನ್ನೂ ಮೇಜಿನ ಮೇಲೆ ತಲೆಕೆಳಗಾಗಿವೆ. ಒಡತಿ ಮುಚ್ಚಳ ತಿರುಗಿಸುತ್ತಾರೆ. ಗಟ್ಟಿಯಾದ ಸಕ್ಕರೆ ಕಟಕ್ಕನೆ ಬಿಡುತ್ತದೆ. ಒಂದು ಹನಿ ಅಂಗೈಗೆ ಬಿಟ್ಟುಕೊಂಡು ಮೂಸುತ್ತಾರೆ, ನೆಕ್ಕುತ್ತಾರೆ. ಆಮೇಲೆ ಫೋನ್ ಎತ್ತಿಕೊಳ್ಳುತ್ತಾರೆ.

"ಪ್ರೆಸ್ಸಾ? ಪಟ್ಟೀಲಿ ಮೂರನೇದು ತೆಗೀಬೇಡಿ. ಹೂಂ, ಹಾಗೇ ಇರಲಿ. ಹಳೇ ಹೆಸರೇ."

ಫೋನ್ ಇಟ್ಟು ಸ್ಟೂಲೊಂದನ್ನು ಇಳಿಸುತ್ತಾರೆ. "ಕೂತ್ಕೊಳ್ಳಿ ಮಾವ. ಯಾವಾಗಲೂ ಹಿಂಬಾಗಿಲಲ್ಲಿ ಕೊಟ್ಟು ಓಡ್ತೀರಿ. ಇವತ್ತು ಕುಡಿದೇ ಹೋಗ್ಬೇಕು."

"ಆ ಸಿರಪ್ಪಿನವನು?"

"ಅವನ ಸಿರಪ್ ಅವನೇ ಕುಡೀಲಿ."

ತಿಳಿನೇರಳೆ ಗ್ಲಾಸನ್ನು ಮಾವ ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಹೀರುತ್ತಾರೆ. ಮುಖ ಕಿವುಚುತ್ತಾರೆ. "ತಾಯಿ, ಬೇಜಾರಾಗ್ಬೇಡ. ಸಾಬೂನು ಹಾಕಿ ಮುಖ ತೊಳ್ಕೊಂಡ ಹಾಗಾಯ್ತು." ಒಡತಿ ಕೌಂಟರಿಗೆ ಒರಗಿ ನಗುತ್ತಾರೆ. ಮಾವ ಮಾತ್ರ ಗ್ಲಾಸು ಕೆಳಗಿಡುವುದಿಲ್ಲ, ಚೂರು ಚೂರೇ ಖಾಲಿ ಮಾಡುತ್ತಾರೆ.

ಈ ಬಾಟಲಿ ಎಷ್ಟು ದಿನ ಬಂದೀತು? ವರ್ಷ ಎಳೆದರೆ ಹೆಚ್ಚು. ಹಿಂದಿನ ಸಾಲುಗಳೂ ಖಾಲಿಯಾಗುತ್ತಿವೆ ಎಂದು ಮಾವ ಒಪ್ಪುತ್ತಾರೆ. "ಯಾರಾದ್ರೂ ಒಂದೇ ಒಂದು ಪೆಟ್ಟಿಗೆ ತರಿಸಿದ್ರೆ ಸಾಕು. ನಾನೇ ಹೊತ್ತು ಇಳಿಸ್ತೀನಿ, ಬೈಗುಳವನ್ನೂ ನಾನೇ ತಿಂತೀನಿ."

ಸಂಜೆ ಬಾಗಿಲು ತೆರೆಯುತ್ತಿದ್ದಂತೆ ಕಚೇರಿ ಮುಗಿಸಿದ ಇಬ್ಬರು ಗೆಳತಿಯರು ಬರುತ್ತಾರೆ. ಒಬ್ಬಾಕೆ ಚೀಲ ಇಳಿಸುವ ಮೊದಲೇ ಕೇಳುತ್ತಾರೆ, "ಆ ನೇರಳೆ ಬಣ್ಣದ್ದು ನಿಲ್ಲಿಸ್ತೀರಂತೆ, ಹೌದಾ?"

"ಯಾರು ಹೇಳಿದ್ದು? ಇದೆ, ಕೂತ್ಕೊಳ್ಳಿ," ಎನ್ನುತ್ತಾ ಒಡತಿ ಗ್ಲಾಸು ಒರೆಸತೊಡಗುತ್ತಾರೆ.

ಮಾವ ಸ್ಟೂಲಿನಿಂದ ಇಳಿದು ಅವರಿಗೆ ಜಾಗ ಬಿಟ್ಟುಕೊಡುತ್ತಾರೆ. ಹೊರಗೆ ಬಂದ ಮೇಲೆ, ಬೆಳಗಿನಿಂದ ಜೊತೆಗೆ ಸುತ್ತಿದ ನನಗೆ ದನಿ ತಗ್ಗಿಸಿ ಹೇಳುತ್ತಾರೆ: "ಇದೆ ಅಂದ್ಲು, ಕೇಳಿಸ್ತಾ? ಇಡೀ ಊರಲ್ಲಿ ಇವತ್ತು ಬಾಟ್ಲಿ ಕೈಲಿಟ್ಕೊಂಡು ಹಾಗನ್ನೋಕೆ ಧೈರ್ಯ ಇರೋದು ಇವಳೊಬ್ಬಳಿಗೇ."